ಹಳೆಯ ಕಾರಿನ ತಂಪುಗಾಳಿಯ ಹಿಂದೆ ಥಾಮಸ್ ಮಿಜ್ಲಿ

ಮೂವತ್ತು ವರ್ಷ ದಾಟಿದ ಕಾರನ್ನು ಅಕ್ಕರೆಯಿಂದ ಉಳಿಸಿಕೊಂಡವರಿಗೆ ಬೇಸಿಗೆ ಬಂತೆಂದರೆ ಒಂದು ಚಿಂತೆ ಬೆನ್ನು ಹತ್ತುತ್ತದೆ. ಎ.ಸಿ. ಹಾಕಿದರೆ ಫ್ಯಾನ್ ಸದ್ದು ಮಾಡುತ್ತದೆ, ತಂಪು ಮಾತ್ರ ಬಾರದು. ಗ್ಯಾರೇಜಿಗೆ ಒಯ್ದರೆ, ಒಳಗಿರುವುದು ಹಳೆಯ ಗ್ಯಾಸೋ ಹೊಸ ಗ್ಯಾಸೋ ಎಂಬುದೇ ಎ.ಸಿ. ಮೆಕ್ಯಾನಿಕ್ ಕೇಳುವ ಮೊದಲ ಪ್ರಶ್ನೆ. ಹಳೆಯದೆಂದರೆ ಆರ್-12. ಕಾರುಗಳಿಗಾಗಿ ಅದರ ತಯಾರಿಕೆ ನಿಂತು ವರ್ಷಗಳೇ ಕಳೆದಿವೆ. ಹಾಗಾಗಿ ಇಡೀ ವ್ಯವಸ್ಥೆಯನ್ನು ಹೊಸ ಗ್ಯಾಸಿಗೆ ಹೊಂದುವಂತೆ ಬದಲಿಸಬೇಕಾಗುತ್ತದೆ.

ಈ ಬದಲಾವಣೆ ಏಕೆ ಅನಿವಾರ್ಯವಾಯಿತೆಂದು ಹುಡುಕುತ್ತ ಹೋದರೆ ಅಮೆರಿಕದ ಒಬ್ಬ ಎಂಜಿನಿಯರರ ಬದುಕು ಎದುರಾಗುತ್ತದೆ. ಅವರೇ ಥಾಮಸ್ ಮಿಜ್ಲಿ ಜೂನಿಯರ್. ತಮ್ಮ ಕಾಲದ ಯಂತ್ರಗಳನ್ನು ಕಾಡುತ್ತಿದ್ದ ಎರಡು ದೊಡ್ಡ ತೊಡಕುಗಳನ್ನು ಅವರು ಬಿಡಿಸಿದರು. ಅದಕ್ಕಾಗಿ ವಿಜ್ಞಾನಲೋಕದ ದೊಡ್ಡ ಗೌರವಗಳಿಗೆ ಪಾತ್ರರಾದರು. ಅವರು ಕಣ್ಮುಚ್ಚಿದ ಎಷ್ಟೋ ವರ್ಷಗಳ ಬಳಿಕ ಆ ಎರಡೂ ಪರಿಹಾರಗಳನ್ನು ಜಗತ್ತು ಕೈಬಿಡಬೇಕಾಯಿತು.

ಎಂಜಿನ್ನಿನ ಬಡಿತಕ್ಕೆ ಮದ್ದು

ಮಿಜ್ಲಿ ಜನಿಸಿದ್ದು 1889ರ ಮೇ 18ರಂದು, ಪೆನ್ಸಿಲ್ವೇನಿಯ ರಾಜ್ಯದ ಬೀವರ್ ಫಾಲ್ಸ್‌ನಲ್ಲಿ. ಬೆಳೆದದ್ದು ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ. ಅವರ ತಂದೆಯೂ ಗಾಲಿ, ಟೈರುಗಳ ಕುರಿತು ಶೋಧ ನಡೆಸಿದವರು. 1911ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಪಡೆದ ಮಿಜ್ಲಿ, 1916ರಲ್ಲಿ ಡೇಟನ್ ನಗರದಲ್ಲಿ ಚಾರ್ಲ್ಸ್ ಕೆಟರಿಂಗ್ ಅವರ ಸಂಶೋಧನಾ ತಂಡವನ್ನು ಸೇರಿದರು. ಕಾರಿಗೆ ವಿದ್ಯುತ್ ಸ್ಟಾರ್ಟರ್ ಅಳವಡಿಸಿ ಹೆಸರಾದವರು ಕೆಟರಿಂಗ್. ಅವರ ಪ್ರಯೋಗಾಲಯ ಮುಂದೆ ಜನರಲ್ ಮೋಟರ್ಸ್ ಕಂಪನಿಯ ಭಾಗವಾಯಿತು. ರಸಾಯನಶಾಸ್ತ್ರದಲ್ಲಿ ಪದವಿಯಿಲ್ಲದ ಮಿಜ್ಲಿ, ಅದೇ ಶಾಸ್ತ್ರದಲ್ಲಿ ಕೀರ್ತಿ ಗಳಿಸಿದ್ದು ಅಲ್ಲಿಂದಲೇ.

ಅಂದಿನ ಎಂಜಿನ್ನುಗಳ ದೊಡ್ಡ ಕಾಯಿಲೆ ನಾಕಿಂಗ್. ಸಿಲಿಂಡರಿನೊಳಗೆ ಪೆಟ್ರೋಲು ಹದ ತಪ್ಪಿ ಸಿಡಿದು, ಕಟಕಟ ಸದ್ದು ಹೊರಟು, ಶಕ್ತಿ ಕುಂದುತ್ತಿತ್ತು. ವರ್ಷಗಟ್ಟಲೆ ನೂರಾರು ವಸ್ತುಗಳನ್ನು ಬೆರೆಸಿ ನೋಡಿದ ಮಿಜ್ಲಿ ತಂಡಕ್ಕೆ 1921ರ ಡಿಸೆಂಬರ್ 9ರಂದು ಉತ್ತರ ದೊರೆಯಿತು. ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತವನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿದರೂ ಸದ್ದು ಅಡಗುತ್ತಿತ್ತು. 1923ರ ಫೆಬ್ರುವರಿಯಲ್ಲಿ ಡೇಟನ್ ನಗರದ ಬಂಕೊಂದರಲ್ಲಿ ಅದರ ಮಾರಾಟ ಆರಂಭವಾಯಿತು. ಮಾರಾಟದ ಹೆಸರು ಎಥೈಲ್. ಅದರಲ್ಲಿ ಸೀಸದ ಸುಳಿವೇ ಇರಲಿಲ್ಲ.

ಸೀಸ ವಿಷವೆಂಬುದು ಆಗ ತಿಳಿಯದ ಸಂಗತಿಯಾಗಿರಲಿಲ್ಲ. ಸ್ವತಃ ಮಿಜ್ಲಿಯವರೇ 1923ರ ಆರಂಭದಲ್ಲಿ ಸೀಸದ ಬಾಧೆಯಿಂದ ಬಳಲಿ, ಕೆಲಸಕ್ಕೆ ರಜೆ ಹಾಕಿ, ಚೇತರಿಕೆಗಾಗಿ ಫ್ಲಾರಿಡಾಕ್ಕೆ ತೆರಳಿದ್ದರು. ಮದ್ಯಸಾರ ಬೆರೆಸಿದರೆ ನಾಕಿಂಗ್ ತಗ್ಗುತ್ತದೆಂಬುದೂ ಅವರಿಗೆ ಗೊತ್ತಿತ್ತು. ಆದರೆ ಮದ್ಯಸಾರ ಯಾರೊಬ್ಬರ ಸ್ವತ್ತೂ ಆಗುವಂತಿರಲಿಲ್ಲ. ಸೀಸದ ಮಿಶ್ರಣಕ್ಕೆ ಪೇಟೆಂಟ್ ಇತ್ತು.

1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ತೈಲ ಸಂಸ್ಕರಣಾಗಾರದಲ್ಲಿ ಈ ವಸ್ತುವನ್ನು ತಯಾರಿಸುತ್ತಿದ್ದ ಐವರು ಕಾರ್ಮಿಕರು ಬುದ್ಧಿಭ್ರಮಣೆಗೊಳಗಾಗಿ ಮೃತಪಟ್ಟರು. ಪತ್ರಿಕೆಗಳು ಪ್ರಶ್ನೆಗಳ ಮಳೆಗರೆದವು. ಆ ತಿಂಗಳ 30ರಂದು ಪತ್ರಕರ್ತರನ್ನು ಕರೆಸಿಕೊಂಡ ಮಿಜ್ಲಿ, ಅವರೆದುರು ಆ ದ್ರವವನ್ನು ಕೈಗೆ ಸುರಿದುಕೊಂಡು, ಒಂದು ನಿಮಿಷ ಮೂಸಿ ತೋರಿಸಿದರು. ಅಪಾಯವಿಲ್ಲವೆಂದು ಸಾರುವುದು ಅವರ ಉದ್ದೇಶವಾಗಿತ್ತು. 1925ರಲ್ಲಿ ಮಾರಾಟ ಕೆಲಕಾಲ ನಿಂತರೂ ಮರುವರ್ಷ ಸರ್ಕಾರಿ ಸಮಿತಿಯೊಂದು ನಿಷೇಧಕ್ಕೆ ಕಾರಣ ಕಾಣುವುದಿಲ್ಲವೆಂದಿತು. ಸೀಸದ ಪೆಟ್ರೋಲು ಜಗತ್ತನ್ನೆಲ್ಲ ವ್ಯಾಪಿಸಿತು.

ಮೂರು ದಿನಗಳ ಶೋಧ

ಕೆಟರಿಂಗ್ ಅವರು ಮುಂದೊಡ್ಡಿದ ಎರಡನೆಯ ಸವಾಲು ರೆಫ್ರಿಜರೇಟರಿನದು. 1920ರ ದಶಕದ ಫ್ರಿಜ್‌ಗಳಲ್ಲಿ ಅಮೋನಿಯ, ಗಂಧಕದ ಡೈಆಕ್ಸೈಡ್ ಇಲ್ಲವೆ ಮೀಥೈಲ್ ಕ್ಲೋರೈಡ್ ಬಳಕೆಯಲ್ಲಿತ್ತು. ಕೆಲವು ವಿಷ, ಕೆಲವು ಬೆಂಕಿಗೆ ಆಹುತಿಯಾಗುವಂಥವು. ರಾತ್ರಿ ಪೈಪು ಸೋರಿ ಮನೆಮಂದಿ ಸಾವಿಗೀಡಾದ ಪ್ರಕರಣಗಳೂ ನಡೆದಿದ್ದವು. ಜನರಲ್ ಮೋಟರ್ಸ್ ಒಡೆತನದ ಫ್ರಿಜಿಡೇರ್ ಸಂಸ್ಥೆಗೆ, ಹೊತ್ತಿಕೊಳ್ಳದ, ವಿಷವಲ್ಲದ ಶೀತಕ ತುರ್ತಾಗಿ ಬೇಕಿತ್ತು.

1928ರಲ್ಲಿ ಮಿಜ್ಲಿ ಮತ್ತು ಸಹೋದ್ಯೋಗಿ ಆಲ್ಬರ್ಟ್ ಹೆನ್ನಿ, ಮೂಲವಸ್ತುಗಳ ಆವರ್ತ ಕೋಷ್ಟಕವನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿದರು. ಸುಮಾರು ಮೂರು ದಿನಗಳಲ್ಲಿ ಅವರು ತಲುಪಿದ್ದು ಡೈಕ್ಲೋರೋಡೈಫ್ಲೋರೋಮೀಥೇನ್ ಎಂಬ ಅನಿಲವನ್ನು. ತಯಾರಿಕೆಗೆ ಬೇಕಾದ ಆಂಟಿಮನಿ ಟ್ರೈಫ್ಲೋರೈಡ್ ಐದು ಸೀಸೆಗಳಲ್ಲಿ ಬಂದಿತ್ತು. ಮೊದಲ ಸೀಸೆಯಿಂದ ತಯಾರಾದ ಅನಿಲವನ್ನು ಉಸಿರಾಡಿದ ಗಿನಿ ಹಂದಿ ಬದುಕುಳಿಯಿತು. ಉಳಿದ ಸೀಸೆಗಳಲ್ಲಿ ನೀರಿನಂಶ ಸೇರಿದ್ದುದರಿಂದ ಅವು ಫಾಸ್ಜೀನ್ ಎಂಬ ಘೋರ ವಿಷಾನಿಲವನ್ನು ಕೊಡುವಂಥವಾಗಿದ್ದವು. ಮೊದಲು ಕೈಗೆ ಬಂದ ಸೀಸೆ ಬೇರೆಯದಾಗಿದ್ದರೆ ಅವರು ಬಹುಶಃ ಆ ಹಾದಿಯನ್ನೇ ಬಿಟ್ಟುಬಿಡುತ್ತಿದ್ದರು.

1930ರ ಏಪ್ರಿಲ್‌ನಲ್ಲಿ ಅಟ್ಲಾಂಟ ನಗರದಲ್ಲಿ ಅಮೆರಿಕನ್ ಕೆಮಿಕಲ್ ಸೊಸೈಟಿಯ ಸಭೆ ಸೇರಿತು. ಮಿಜ್ಲಿ ಆ ಅನಿಲವನ್ನು ಎದೆತುಂಬ ಎಳೆದುಕೊಂಡು, ಉರಿಯುವ ಮೇಣದಬತ್ತಿಯ ಮೇಲೆ ನಿಧಾನವಾಗಿ ಊದಿದರು. ಬತ್ತಿ ಆರಿತು. ಅನಿಲ ವಿಷವೂ ಅಲ್ಲ, ಉರಿಯುವಂಥದೂ ಅಲ್ಲ ಎಂಬುದು ಒಂದೇ ಉಸಿರಿನಲ್ಲಿ ಸಿದ್ಧವಾಯಿತು. ಜನರಲ್ ಮೋಟರ್ಸ್ ಮತ್ತು ಡ್ಯೂಪಾಂಟ್ ಜೊತೆಗೂಡಿ ಅದನ್ನು ಫ್ರಿಯಾನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದವು. ಮೆಕ್ಯಾನಿಕ್‌ಗಳು ಇಂದಿಗೂ ಹೇಳುವ ಆರ್-12 ಅದೇ.

ಕಾರಿನೊಳಗೆ ತಂಪು

ಮನುಷ್ಯರು ಕೂರುವ ಇಕ್ಕಟ್ಟಾದ ಜಾಗಕ್ಕೆ ಅಮೋನಿಯ ತುಂಬಿದ ಯಂತ್ರವನ್ನು ತರುವ ಧೈರ್ಯ ಯಾರಿಗೂ ಇರಲಿಲ್ಲ. ಫ್ರಿಯಾನ್ ಆ ಅಡ್ಡಿಯನ್ನು ನಿವಾರಿಸಿತು. 1940ರ ಮಾದರಿಯ ಪ್ಯಾಕರ್ಡ್ ಕಾರುಗಳಲ್ಲಿ ಕಂಪನಿಯೇ ಜೋಡಿಸಿದ ಎ.ಸಿ. ಮೊದಲ ಬಾರಿಗೆ ದೊರೆಯಿತು. ಅದರ ಕೂಲಿಂಗ್ ಕಾಯಿಲ್ ಡಿಕ್ಕಿಯ ಭಾಗದಲ್ಲಿತ್ತು. ಕಂಪ್ರೆಸರಿಗೆ ಕ್ಲಚ್ ಇರಲಿಲ್ಲ. ತಂಪು ಸಾಕೆನಿಸಿದರೆ ಎಂಜಿನ್ ನಿಲ್ಲಿಸಿ, ಬಾನೆಟ್ ಎತ್ತಿ, ಬೆಲ್ಟ್ ಕಳಚಬೇಕಿತ್ತು. ಯುದ್ಧಾನಂತರ, 1953ರ ಹೊತ್ತಿಗೆ ಅಮೆರಿಕದ ಹಲವು ಕಂಪನಿಗಳು ಕಾರಿನ ಎ.ಸಿ.ಯನ್ನು ಮತ್ತೆ ಕೈಗೆತ್ತಿಕೊಂಡವು. ಮುಂದಿನ ನಾಲ್ಕು ದಶಕಗಳ ಕಾಲ ಕಾರಿನ ತಂಪೆಂದರೆ ಆರ್-12 ಎಂಬಂತಾಯಿತು.

ಆ ವೈಭವವನ್ನು ನೋಡಲು ಮಿಜ್ಲಿ ಇರಲಿಲ್ಲ. 1937ರಲ್ಲಿ ಪರ್ಕಿನ್ ಪದಕ, 1941ರಲ್ಲಿ ಪ್ರೀಸ್ಟ್‌ಲಿ ಪದಕ, 1944ರಲ್ಲಿ ಅಮೆರಿಕನ್ ಕೆಮಿಕಲ್ ಸೊಸೈಟಿಯ ಅಧ್ಯಕ್ಷಗಿರಿ ಅವರನ್ನು ಅರಸಿ ಬಂದಿದ್ದವು. ಆದರೆ 1940ರಲ್ಲಿ, ಐವತ್ತೊಂದನೆಯ ವಯಸ್ಸಿನಲ್ಲಿ ಪೋಲಿಯೊ ತಗುಲಿ ಅವರ ಕಾಲುಗಳು ಸ್ವಾಧೀನ ಕಳೆದುಕೊಂಡವು. ಯಂತ್ರಶಿಲ್ಪಿಯ ಮನಸ್ಸು ಸುಮ್ಮನಿರಲಿಲ್ಲ. ಹಾಸಿಗೆಯಿಂದ ತಾವೇ ಏಳಲು ಹಗ್ಗ, ರಾಟೆಗಳ ಏರ್ಪಾಡೊಂದನ್ನು ರೂಪಿಸಿಕೊಂಡರು. 1944ರ ನವೆಂಬರ್ 2ರಂದು ಅದೇ ಹಗ್ಗಗಳು ಕೊರಳಿಗೆ ಬಿಗಿದ ಸ್ಥಿತಿಯಲ್ಲಿ ಅವರು ಶವವಾಗಿ ಕಂಡರು. ಬಹುಕಾಲ ಅದು ಅಪಘಾತವೆಂದೇ ಪ್ರಚಾರದಲ್ಲಿತ್ತು. ಅಧಿಕೃತ ದಾಖಲೆಯಲ್ಲಿರುವುದು ಆತ್ಮಹತ್ಯೆ ಎಂದು. ಆಗ ಅವರಿಗೆ 55 ವರ್ಷ.

ಬಾನಿನಲ್ಲಿ ಉಳಿದ ಲೆಕ್ಕ

ಫ್ರಿಯಾನ್‌ನ ದೊಡ್ಡ ಗುಣವೇ ಅದರ ದೋಷವೂ ಆಗಿತ್ತು. ಯಾವುದರೊಡನೆಯೂ ಬೆರೆತು ಕೆಡದ ಆ ಅನಿಲ, ಸೋರಿದ ಮೇಲೂ ಕೆಡದೆ ಸುಮಾರು ನೂರು ವರ್ಷ ವಾತಾವರಣದಲ್ಲಿ ಉಳಿಯುತ್ತದೆ. ಮೆಲ್ಲನೆ ಮೇಲೇರಿ, ಸೂರ್ಯನ ಅತಿನೇರಳೆ ಕಿರಣಕ್ಕೆ ಸಿಲುಕಿ ಒಡೆದು, ಕ್ಲೋರಿನ್ ಬಿಡುಗಡೆ ಮಾಡುತ್ತದೆ. ಆ ಕ್ಲೋರಿನ್ ಓಝೋನ್ ಪದರವನ್ನು ತಿನ್ನುತ್ತದೆಂದು ಷೆರ್ವುಡ್ ರೋಲೆಂಡ್ ಮತ್ತು ಮಾರಿಯೊ ಮೊಲಿನಾ 1974ರಲ್ಲಿ ಪ್ರಕಟಿಸಿದರು. 1985ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಅಂಟಾರ್ಕ್ಟಿಕದ ಮೇಲೆ ಆ ಪದರ ತೆಳುವಾದುದನ್ನು ವರದಿ ಮಾಡಿದರು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿತ್ತು. 1992ರಲ್ಲಿ ಅದಕ್ಕೆ ಸೇರಿದ ಭಾರತ, 2010ರ ಹೊತ್ತಿಗೆ ಈ ಬಗೆಯ ಶೀತಕಗಳಿಂದ ಹೊರಬಂದಿತು. ಸೀಸದ ಪೆಟ್ರೋಲು ದೇಶದಲ್ಲಿ ನಿಂತದ್ದು 2000ದ ಫೆಬ್ರುವರಿ 1ರಂದು. ಕಾರುಗಳಿಗೆ ಅದನ್ನು ಮಾರುತ್ತಿದ್ದ ಕೊನೆಯ ದೇಶ ಅಲ್ಜೀರಿಯ 2021ರಲ್ಲಿ ನಿಲ್ಲಿಸಿತು.

ಮಿಜ್ಲಿಯವರ ಈ ಎರಡು ಶೋಧಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ರೂಢಿಯಾಗಿದೆ. ಅದು ನ್ಯಾಯವಲ್ಲ. ಸೀಸದ ವಿಷಯದಲ್ಲಿ ಸತ್ಯ ಅವರ ಮೈಗೇ ಅಂಟಿತ್ತು, ಕಣ್ಣೆದುರು ಸಾವುಗಳಿದ್ದವು, ಆದರೂ ಕೈ ತೊಳೆದು ತೋರಿಸಿದರು. ಫ್ರಿಯಾನ್ ವಿಷಯದಲ್ಲಿ ಅವರು ಮಾಡಿದ ಪ್ರಾತ್ಯಕ್ಷಿಕೆಯಲ್ಲಿ ಸುಳ್ಳಿರಲಿಲ್ಲ. ಆ ಅನಿಲ ಅಸಂಖ್ಯ ಮನೆಗಳನ್ನು ವಿಷದ ಸೋರಿಕೆಯಿಂದ ಕಾಪಾಡಿತು. ಹತ್ತಾರು ಕಿಲೋಮೀಟರ್ ಮೇಲೆ ಅದೇನು ಮಾಡೀತೆಂದು 1930ರಲ್ಲಿ ಅಳೆಯುವ ಉಪಕರಣವೂ ಇರಲಿಲ್ಲ, ಕೇಳುವವರೂ ಇರಲಿಲ್ಲ. ಮೊದಲನೆಯದು ತಿಳಿದೂ ಮುಚ್ಚಿಟ್ಟ ತಪ್ಪು. ಎರಡನೆಯದು ತಿಳಿಯದೆ ಆದ ಹಾನಿ.

ಹಳೆಯ ಕಾರಿನವರ ಪಾಲಿನ ಕರ್ತವ್ಯ

ಈಗ ಮತ್ತೆ ಗ್ಯಾರೇಜಿನ ವಿಷಯಕ್ಕೆ ಬರೋಣ. ಆರ್-12 ಬದಲಿಗೆ 1990ರ ದಶಕದಿಂದ ಕಾರುಗಳಿಗೆ ಬಂದದ್ದು ಆರ್-134ಎ. ಇದರಲ್ಲಿ ಕ್ಲೋರಿನ್ ಇಲ್ಲ, ಓಝೋನಿಗೆ ಧಕ್ಕೆಯಿಲ್ಲ. ಹಾಗೆಂದು ಹಳೆಯ ವ್ಯವಸ್ಥೆಗೆ ಇದನ್ನು ನೇರವಾಗಿ ತುಂಬಿದರೆ ಕೆಲವೇ ದಿನಗಳಲ್ಲಿ ಕಂಪ್ರೆಸರ್ ಜಾಮ್ ಆಗಬಹುದು. ಏಕೆಂದರೆ ಹಳೆಯ ಕಂಪ್ರೆಸರಿನಲ್ಲಿರುವ ಖನಿಜ ತೈಲ ಹೊಸ ಗ್ಯಾಸಿನಲ್ಲಿ ಬೆರೆಯದು; ಗ್ಯಾಸಿನ ಜೊತೆ ಸುತ್ತಿ ಮರಳಿ ಕಂಪ್ರೆಸರಿಗೆ ಬಾರದು.

ಆದ್ದರಿಂದ ಕೆಲಸ ಕ್ರಮವಾಗಿ ನಡೆಯಬೇಕು. ಉಳಿದಿರುವ ಹಳೆಯ ಗ್ಯಾಸನ್ನು ಗಾಳಿಗೆ ಬಿಡದೆ ಯಂತ್ರದ ಮೂಲಕ ಸಿಲಿಂಡರಿಗೆ ಹಿಂಪಡೆಯಬೇಕು. ಹಳೆಯ ಎಣ್ಣೆಯನ್ನು ಬಸಿದು ಎಸ್ಟರ್ ಜಾತಿಯ ಎಣ್ಣೆ ಹಾಕಬೇಕು. ಡ್ರೈಯರನ್ನು ಕಡ್ಡಾಯವಾಗಿ ಹೊಸದು ಮಾಡಬೇಕು. ರಬ್ಬರಿನ ಒ-ರಿಂಗ್‌ಗಳನ್ನು ಬದಲಿಸಬೇಕು. ಹೊಸ ಗ್ಯಾಸಿನ ಕಣ ಚಿಕ್ಕದಾದ್ದರಿಂದ ಸೊರಗಿದ ಹೋಸ್‌ಗಳಿಂದ ಅದು ಸುಲಭವಾಗಿ ನುಸುಳುತ್ತದೆ. ಗ್ಯಾಸ್ ತುಂಬುವ ಮುನ್ನ ವ್ಯಾಕ್ಯೂಮ್ ಹಾಕಿ ತೇವವನ್ನು ಪೂರ್ತಿ ಹೊರಗೆಳೆಯಬೇಕು, ಏಕೆಂದರೆ ಉಳಿದ ತೇವ ಒಳಗೆ ಆಮ್ಲ ಹುಟ್ಟಿಸಿ ಲೋಹವನ್ನು ತಿನ್ನುತ್ತದೆ. ಹೊಸ ಗ್ಯಾಸಿನ ತೂಕ ಸಾಮಾನ್ಯವಾಗಿ ಹಳೆಯದರ ಶೇಕಡ 80ರಿಂದ 85ರಷ್ಟು ಸಾಕು. ಹೆಚ್ಚು ತುಂಬಿದರೆ ಒತ್ತಡ ಏರಿ ತಂಪು ಕಡಿಮೆಯಾಗುತ್ತದೆ. ನಮ್ಮ ಬಿಸಿಲಿಗೆ ಹಳೆಯ ಕಂಡೆನ್ಸರ್ ಸಾಲದೆ ಹೋಗಬಹುದು. ದೊಡ್ಡ ಕಂಡೆನ್ಸರ್, ಬಲವಾದ ಫ್ಯಾನ್, ಒತ್ತಡ ಮಿತಿಮೀರಿದಾಗ ಕಂಪ್ರೆಸರನ್ನು ನಿಲ್ಲಿಸುವ ಸ್ವಿಚ್ ಹಾಕಿಸಿದರೆ ಖರ್ಚು ವ್ಯರ್ಥವಾಗದು. ಅಗ್ಗವೆಂದು ಅಡುಗೆ ಅನಿಲದ ಜಾತಿಯ ಮಿಶ್ರಣ ತುಂಬಿಸುವುದು ಮಾತ್ರ ಬೇಡ. ಕಾರಿನೊಳಗೆ ಸೋರಿದರೆ ಅದು ಹೊತ್ತಿಕೊಳ್ಳಬಲ್ಲದು. ಮಿಜ್ಲಿ ದೂರವಿಟ್ಟ ಅಪಾಯವನ್ನೇ ಮತ್ತೆ ಮನೆಗೆ ಕರೆತಂದಂತಾಗುತ್ತದೆ.

ಆರ್-134ಎ ಕೂಡ ಕೊನೆಯ ಉತ್ತರವಲ್ಲ. ಭೂಮಿಯನ್ನು ಬಿಸಿ ಮಾಡುವ ಶಕ್ತಿಯಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,400 ಪಟ್ಟು ಪ್ರಬಲ. ಆರ್-12 ಅಂತೂ ಹತ್ತು ಸಾವಿರ ಪಟ್ಟು. ಅದನ್ನೂ ತಗ್ಗಿಸಲು 2016ರಲ್ಲಿ ಕಿಗಾಲಿ ತಿದ್ದುಪಡಿ ಬಂದು, 2021ರಲ್ಲಿ ಭಾರತ ಅದನ್ನು ಅನುಮೋದಿಸಿತು. ಯುರೋಪಿನ ಹೊಸ ಕಾರುಗಳು ಆಗಲೇ ಬೇರೆ ಗ್ಯಾಸಿಗೆ ತೆರಳಿವೆ.

ಇತ್ತ ಓಝೋನ್ ಪದರ ಚೇತರಿಸಿಕೊಳ್ಳುತ್ತಿದೆ. ಅಂಟಾರ್ಕ್ಟಿಕದ ಮೇಲೆ 2066ರ ಸುಮಾರಿಗೆ ಅದು 1980ರ ಸ್ಥಿತಿಗೆ ಮರಳೀತೆಂಬುದು ವಿಶ್ವಸಂಸ್ಥೆಯ ತಜ್ಞರ ಅಂದಾಜು. ಆ ಗೆಲುವಿನಲ್ಲಿ ರಾಷ್ಟ್ರಗಳ ಒಪ್ಪಂದದಷ್ಟೇ ಗ್ಯಾರೇಜುಗಳ ಪಾಲೂ ಇದೆ. ಪ್ರತಿ ಬೇಸಿಗೆ ಗ್ಯಾಸ್ ತುಂಬಿಸಿಕೊಂಡು ಬರುವ ಕಾರು ಹಿಂದಿನ ಬೇಸಿಗೆಯ ಗ್ಯಾಸನ್ನು ಎಲ್ಲೋ ಬಿಟ್ಟು ಬಂದಿದೆ ಎಂದೇ ಅರ್ಥ. ಎಲ್ಲಿಗೆ ಹೋಯಿತೆಂದು ಮಿಜ್ಲಿಯವರ ಕಾಲದಲ್ಲಿ ಕೇಳುವವರಿರಲಿಲ್ಲ. ಇಂದು ಉತ್ತರ ಎಲ್ಲರಿಗೂ ತಿಳಿದಿದೆ. ಹಾಗಾಗಿ ಸೋರಿಕೆಯನ್ನು ಹುಡುಕಿ ಮುಚ್ಚಿಸಿದ ಮೇಲೆಯೇ ಗ್ಯಾಸ್ ತುಂಬಿಸಬೇಕು.