ಕುವರಿ ಗೌರಮ್ಮನವರು

ಕೊಡಗನ್ನು ಸುಮಾರು ಎರಡು ಶತಮಾನಗಳ ಕಾಲ ಆಳಿದ ಹಾಲೇರಿ ಅರಸುಮನೆತನವು ಲಿಂಗಾಯತ ಮತದ್ದೆಂಬುದು ಭಕ್ತರಿಗೆ ವಿದಿತವೇ ಆಗಿದೆ. ಆ ವಂಶದ ಕಡೆಯ ದೊರೆ ಚಿಕ್ಕವೀರರಾಜೇಂದ್ರ ಒಡೆಯರು 1834ರಲ್ಲಿ ರಾಜ್ಯವನ್ನು ಕಳೆದುಕೊಂಡು, ತರುವಾಯ ಕಾಶಿಯಲ್ಲಿ ನೆಲೆಸಬೇಕಾಯಿತು. ಅಲ್ಲಿಯೇ 1841ರಲ್ಲಿ ಅವರ ಕುವರಿ ಗೌರಮ್ಮನವರು ಜನಿಸಿದರು.

ಕಂಪನಿಯ ವಶದಲ್ಲಿದ್ದ ಮನೆತನದ ಧನವನ್ನು ಪಡೆಯಬೇಕೆಂದೂ, ಮಗಳಿಗೆ ಪಾಶ್ಚಾತ್ಯ ವಿದ್ಯೆಯನ್ನು ಕೊಡಿಸಬೇಕೆಂದೂ ಒಡೆಯರು 1852ರಲ್ಲಿ ಆಕೆಯೊಡನೆ ಲಂಡನ್ ನಗರವನ್ನು ಸೇರಿದರು. ಹಿಂದಿನ ವರ್ಷ ಮಹಾಪ್ರದರ್ಶನವು ನಡೆದಿದ್ದ ಗಾಜಿನ ಅರಮನೆಯು ಆಗಿನ್ನೂ ಹೈಡ್ ಪಾರ್ಕಿನಲ್ಲಿ ನಿಂತಿದ್ದಿತು. ಬಾಲೆಯನ್ನು ಕಂಡು ವಿಕ್ಟೋರಿಯಾ ರಾಣಿಯವರಿಗೆ ವಾತ್ಸಲ್ಯವುಂಟಾಯಿತು. ವಿಂಟರ್‌ಹಾಲ್ಟರ್ ಎಂಬ ಪ್ರಸಿದ್ಧ ಚಿತ್ರಕಾರನು ಆಕೆಯ ಭಾವಚಿತ್ರವನ್ನು ಬರೆದನು. ಆದರೆ ನಗರದ ಪರಿಚಯವು ಆಗುವಷ್ಟರಲ್ಲಿಯೇ ಆಕೆಗೆ ಕ್ರೈಸ್ತದೀಕ್ಷೆಯಾಯಿತು. ರಾಣಿಯವರೇ ಧರ್ಮಮಾತೆಯಾಗಿ ತಮ್ಮ ಹೆಸರನ್ನು ಕೊಟ್ಟರು. ಹನ್ನೊಂದರ ಎಳೆಯ ವಯಸ್ಸಿನಲ್ಲಿ, ಕೆಲವೇ ವಾರಗಳೊಳಗೆ, ಹೆಸರೂ ಮತವೂ ಮನೆಯೂ ಬದಲಾದುವು. ಪರಕೀಯ ಕುಟುಂಬಗಳ ಪೋಷಣೆಯಲ್ಲಿ ಆಂಗ್ಲವಿದ್ಯೆಯನ್ನೂ ಅಲ್ಲಿನ ನಡೆವಳಿಕೆಯನ್ನೂ ಆಕೆ ಕಲಿತರು. ತಂದೆಯ ಭೇಟಿಗೆ ಮಿತಿಯು ಬಿದ್ದಿತು.

ಒಡೆಯರು 1859ರಲ್ಲಿ ಲಂಡನಿನಲ್ಲಿಯೇ ಕಾಲವಾದರು. ಗೌರಮ್ಮನವರು 1860ರಲ್ಲಿ ಕರ್ನಲ್ ಜಾನ್ ಕ್ಯಾಂಬೆಲ್‌ರವರನ್ನು ವರಿಸಿ, ಒಬ್ಬ ಮಗಳನ್ನು ಪಡೆದು, 1864ರಲ್ಲಿ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡರು.

ಅಜ್ಜ ಲಿಂಗರಾಜೇಂದ್ರರ ಗದ್ದಿಗೆಯು ಮಡಿಕೇರಿಯಲ್ಲಿದೆ. ತಂದೆಯ ಸಮಾಧಿಯು ಲಂಡನಿನ ಕೆನ್ಸಲ್ ಗ್ರೀನಿನಲ್ಲಿಯೂ, ಮಗಳದು ಅದೇ ನಗರದ ಬ್ರಾಂಪ್ಟನಿನಲ್ಲಿಯೂ ಇವೆ. ಕೊಡಗಿನವರು ಗದ್ದಿಗೆಗೆ ಕೈಮುಗಿಯುವಾಗ, ಹಿರಿಯರ ನೆಲವನ್ನು ಸೇರದೆಹೋದ ಈ ಕುವರಿಯನ್ನೂ ನೆನೆಯುವುದು ಉಚಿತವು.