ಕಷ್ಟದಲ್ಲೂ ಕೈಬಿಡದ ಭರವಸೆ

ಕಷ್ಟ ಬಂದ್ರೆ ಒಂಟಿಯಾಗಿ ಬರಲ್ಲ, ಸಾಲುಗಟ್ಟಿ ಬರುತ್ತೆ ಅಂತೀವಲ್ಲ? ಪಂಡಿತಾ ರಮಾಬಾಯಿ ಬದುಕಿನಲ್ಲಿ ಆಗಿದ್ದೂ ಅದೇ. ದೇವರು ನನ್ನನ್ನು ಮರೆತೇಬಿಟ್ಟನಾ ಅಂತ ನಿಮಗೆ ಅನ್ನಿಸಿದ್ದರೆ ಈ ಹೆಣ್ಣುಮಗಳ ಕತೆ ಸ್ವಲ್ಪ ಓದಿ.

ಅವರು ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ. ಹೆಂಗಸರಿಗೆ ಸಂಸ್ಕೃತ ಯಾಕೆ ಅನ್ನುತ್ತಿದ್ದ ಕಾಲದಲ್ಲಿ ಹೆಂಡತಿಗೆ ಅದನ್ನು ಕಲಿಸಿದವರು. ಆ ತಾಯಿ ಲಕ್ಷ್ಮೀಬಾಯಿಯೇ ಮಗಳಿಗೆ ಗುರು. ಊರೂರು ತಿರುಗಿ ಪುರಾಣ ಓದಿ ಬದುಕುತ್ತಿದ್ದ ಈ ಕುಟುಂಬ ಬರಗಾಲಕ್ಕೆ ಸಿಕ್ಕಿತು. 1874ರಲ್ಲಿ ಅಪ್ಪ, ಅಮ್ಮ ಇಬ್ಬರೂ ಕಣ್ಮುಚ್ಚಿದರು. ರಮಾಬಾಯಿಗೆ ಆಗಿನ್ನೂ ಹದಿನಾರು!

ಅಣ್ಣನ ಜೊತೆ ಅಲೆಯುತ್ತಾ 1878ರಲ್ಲಿ ಕಲ್ಕತ್ತಾ ಸೇರಿದರು. ಅವರ ಪಾಂಡಿತ್ಯಕ್ಕೆ ಅಲ್ಲಿಯ ವಿದ್ವಾಂಸರು ಬೆರಗಾಗಿ ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. ಇನ್ನೇನು ಒಳ್ಳೇ ದಿನ ಬಂತು ಅನ್ನುವಷ್ಟರಲ್ಲಿ, 1880ರಲ್ಲಿ ಅಣ್ಣ ತೀರಿಕೊಂಡರು. ಅದೇ ವರ್ಷ ವಕೀಲ ಬಿಪಿನ್ ಬಿಹಾರಿ ದಾಸ್ ಅವರ ಕೈಹಿಡಿದರು. 1882ರಲ್ಲಿ ಗಂಡನೂ ಹೋದರು. ವಯಸ್ಸು 23, ಮಡಿಲಲ್ಲಿ ವರ್ಷ ತುಂಬದ ಮಗಳು ಮನೋರಮಾ.

ಡಾಕ್ಟರಾಗಬೇಕು ಅಂತ 1883ರಲ್ಲಿ ಇಂಗ್ಲೆಂಡಿಗೆ ಹೋದರೆ, ಕಿವಿ ಮಂದವಾಗಿದ್ದರಿಂದ ಆ ಆಸೆಯೂ ಕೈತಪ್ಪಿತು. ಆದರೆ ಭರವಸೆ ಸಿಕ್ಕಿದ್ದೂ ಅಲ್ಲೇ. ಸಮಾಜ ಕೆಟ್ಟವರೆಂದು ದೂಡಿದ ಹೆಂಗಸರನ್ನು ಲಂಡನ್ನಿನ ಫುಲ್ಹಮ್‌ನಲ್ಲಿ ಕ್ರೈಸ್ತ ಸಿಸ್ಟರ್‌ಗಳು ಅಕ್ಕರೆಯಿಂದ ನೋಡಿಕೊಳ್ಳುವುದನ್ನು ಕಂಡರು. ಹೀಗೇಕೆ ಅಂತ ವಿಚಾರಿಸಿದಾಗ, ಬಾವಿಯ ಬಳಿ ಸಮಾರ್ಯದ ಹೆಣ್ಣಿನ ಜೊತೆ ಯೇಸು ಮಾತಾಡಿದ ಪ್ರಸಂಗ ಕೇಳಿಸಿದರು. ಎಲ್ಲರೂ ತಳ್ಳಿದವಳನ್ನೂ ತಳ್ಳದ ದೇವರು! ರಮಾಬಾಯಿ ಮನಸ್ಸಿಗೆ ಅದು ನಾಟಿತು. ಅದೇ ವರ್ಷ ಮಗಳೊಂದಿಗೆ ದೀಕ್ಷಾಸ್ನಾನ ಪಡೆದರು. ಇದಕ್ಕಾಗಿ ಸ್ವದೇಶದಲ್ಲಿ ಟೀಕೆಯನ್ನೂ ಸಹಿಸಬೇಕಾಯಿತು.

ಆ ನಂಬಿಕೆ ಬರೀ ಪ್ರಾರ್ಥನೆಯಲ್ಲಿ ನಿಲ್ಲಲಿಲ್ಲ ನೋಡಿ. 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. 1896-97ರ ಬರಗಾಲದಲ್ಲಿ, ಹಸಿವು ಏನೂಂತ ಗೊತ್ತಿದ್ದ ಅವರಿಗೆ ಸುಮ್ಮನೆ ಕೂರಲಾಗಲಿಲ್ಲ. ಮಧ್ಯಪ್ರಾಂತ್ಯಕ್ಕೆ ಹೋಗಿ ನಿರ್ಗತಿಕ ಹೆಣ್ಣುಮಕ್ಕಳನ್ನು ಕರೆತಂದರು. ಪುಣೆ ಬಳಿಯ ಕೇಡಗಾಂವ್‌ನಲ್ಲಿ ಅವರು ಕಟ್ಟಿದ ಮುಕ್ತಿ ಆಶ್ರಮದಲ್ಲಿ 1900ರ ಹೊತ್ತಿಗೆ ಸುಮಾರು 1,500 ಜನರಿದ್ದರು. ಓದು, ನೇಯ್ಗೆ, ಮುದ್ರಣ, ಹೈನುಗಾರಿಕೆ ಎಲ್ಲಾ ಅಲ್ಲೇ ಕಲಿತರು.

1921ರಲ್ಲಿ ಮಗಳು ಮನೋರಮಾಳನ್ನೂ ಕಳೆದುಕೊಂಡರು. ಆಗಲೂ ವರ್ಷಗಳಿಂದ ಮಾಡುತ್ತಿದ್ದ ಬೈಬಲಿನ ಮರಾಠಿ ಅನುವಾದವನ್ನು ಅರ್ಧಕ್ಕೆ ಬಿಡಲಿಲ್ಲ. 1922ರ ಏಪ್ರಿಲ್ 5ರಂದು ತೀರಿಕೊಂಡರು.

ದುಃಖ ಮುಗಿದ ಮೇಲೆ ಬದುಕೋಣ ಅಂತ ರಮಾಬಾಯಿ ಕಾಯಲಿಲ್ಲ. ತಾವು ಪಟ್ಟ ಪಾಡಿನಿಂದಲೇ ಇನ್ನೊಬ್ಬರ ಪಾಡು ಅರಿತರು. ನೀವೂ ಅಷ್ಟೇ, ಅಳು ಬಂದರೆ ಅತ್ತುಬಿಡಿ, ತಪ್ಪೇನಿಲ್ಲ. ನಂಬಿದ ದೇವರ ಮುಂದೆ ಮನಸ್ಸು ಬಿಚ್ಚಿಡಿ. ಆಮೇಲೆ ಮುಖ ತೊಳೆದು, ನಿಮ್ಮಂತೆಯೇ ನೊಂದ ಒಬ್ಬರ ಮನೆಗೆ ಹೋಗಿ ಅರ್ಧ ಗಂಟೆ ಕೂತು ಬನ್ನಿ. ಅವರಿಗೆ ಏನು ಬೇಕು ಅನ್ನೋದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?