ಮೆಸಾನ್‌ನಿಂದ ಟ್ರಾಂಬೆ ಗಣಕಯಂತ್ರದವರೆಗೆ: ಹೆಸರಿನ ಬಗ್ಗೆ ಹಟವಿದ್ದ ಹೋಮಿ ಭಾಭಾ

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಊರಿನ ಹೆಸರಿಗೆ ಹಿನ್ನೆಲೆ ಹುಡುಕುವ ರೂಢಿ ಹಳೆಯದು. ಚಿಂತಾಮಣಿ ತಾಲ್ಲೂಕಿನ ಕೈವಾರವೇ ಮಹಾಭಾರತದ ಏಕಚಕ್ರಪುರವೆಂದೂ, ಭೀಮನು ಬಕಾಸುರನನ್ನು ಸಂಹರಿಸಿದ್ದು ಇಲ್ಲಿಯೇ ಎಂದೂ ಸ್ಥಳೀಯರು ನಂಬುತ್ತಾರೆ. ಅದೇ ಜಿಲ್ಲೆಯ ಗೌರಿಬಿದನೂರಿಗೆ ಇನ್ನೊಂದು ಬಗೆಯ ಖ್ಯಾತಿಯಿದೆ. ಈ ಪ್ರದೇಶ ಇನ್ನೂ ಕೋಲಾರ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, 1965ರಲ್ಲಿ, ಅಣುಶಕ್ತಿ ಇಲಾಖೆಯು ಬ್ರಿಟನ್ನಿನ ಸಹಕಾರದೊಂದಿಗೆ ಇಲ್ಲಿ ಭೂಕಂಪನ ಮಾಪಕಗಳ ಸಾಲೊಂದನ್ನು ಸ್ಥಾಪಿಸಿತು. ದೂರದ ದೇಶಗಳ ಭೂಗತ ಅಣುಸ್ಫೋಟಗಳು ನೆಲದಲ್ಲಿ ಎಬ್ಬಿಸುವ ನಡುಕವನ್ನು ಗುರುತಿಸುವುದು ಅದರ ಉದ್ದೇಶ. ಜಗತ್ತಿನ ಭೂಕಂಪನ ತಜ್ಞರಿಗೆ ಅದು ಜಿಬಿಎ, ಅಂದರೆ ಗೌರಿಬಿದನೂರು ಅರೇ. ಊರಿನ ಹೆಸರೇ ಉಪಕರಣದ ಹೆಸರಾಯಿತು.

ಆಗ ಆ ಇಲಾಖೆಯ ಚುಕ್ಕಾಣಿ ಹಿಡಿದಿದ್ದವರು ಹೋಮಿ ಜಹಾಂಗೀರ್ ಭಾಭಾ. ನಾಲ್ಕು ವರ್ಷಗಳ ಬಳಿಕ ಅದೇ ಇಲಾಖೆಯ ವಿಜ್ಞಾನಿಗಳು ಸ್ವದೇಶಿ ಗಣಕಯಂತ್ರಗಳ ಹೊಸ ಸರಣಿಯೊಂದನ್ನು ಹೊರತಂದಾಗಲೂ ಅದಕ್ಕೆ ಬಂದದ್ದು ಊರಿನ ಹೆಸರೇ. ಅದನ್ನು ನೋಡಲು ಭಾಭಾ ಉಳಿದಿರಲಿಲ್ಲ.

1909ರ ಅಕ್ಟೋಬರ್ 30ರಂದು ಮುಂಬಯಿಯ ಪಾರ್ಸಿ ಕುಟುಂಬದಲ್ಲಿ ಜನಿಸಿದ ಈ ವಿಜ್ಞಾನಿಗೆ ಕನ್ನಡನಾಡಿನ ನಂಟು ಹೆಸರಿನಲ್ಲಿಯೇ ಇತ್ತು. ಅಜ್ಜ ಹೊರ್ಮುಸ್‌ಜಿ ಭಾಭಾ ಮೈಸೂರು ಸಂಸ್ಥಾನದಲ್ಲಿ ಶಿಕ್ಷಣ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದವರು. ಮೊಮ್ಮಗನಿಗೆ ಅವರ ಹೆಸರನ್ನೇ ಇಟ್ಟು ಹೋಮಿ ಎಂದು ಕರೆದರು. ಅಜ್ಜನ ಹೆಸರು ಮೊಮ್ಮಗನಿಗೆ ಬರುವುದು ಕನ್ನಡದ ಮನೆಗಳಿಗೂ ಹೊಸತಲ್ಲ. ತಂದೆ ಜಹಾಂಗೀರ್ ವಕೀಲರು; ಸೋದರತ್ತೆ ಸರ್ ದೊರಾಬ್‌ಜಿ ಟಾಟಾ ಅವರ ಪತ್ನಿ. ಹುಡುಗ ಎಂಜಿನಿಯರ್ ಆಗಿ ಜಮ್‌ಶೆಡ್‌ಪುರದ ಉಕ್ಕಿನ ಕಾರ್ಖಾನೆ ಸೇರಬೇಕೆಂಬುದು ಮನೆಯವರ ಆಶಯವಾಗಿತ್ತು. ಆ ಆಶಯದಂತೆ 1927ರಲ್ಲಿ ಕೇಂಬ್ರಿಜ್‌ಗೆ ಹೋದ ಹೋಮಿ, ಎಂಜಿನಿಯರಿಂಗ್ ಮುಗಿಸಿಕೊಟ್ಟು, ಆಮೇಲೆ ತಮ್ಮ ಇಷ್ಟದ ಗಣಿತ ಮತ್ತು ಭೌತಶಾಸ್ತ್ರಕ್ಕೆ ಹೊರಳಿದರು. ಎಲೆಕ್ಟ್ರಾನ್ ಹಾಗೂ ಪಾಸಿಟ್ರಾನ್‌ಗಳ ಚದರಿಕೆಗೆ ಇಂದಿಗೂ ಭಾಭಾ ಚದರಿಕೆ ಎಂಬ ಹೆಸರಿದೆ.

ಹೆಸರುಗಳ ವಿಷಯದಲ್ಲಿ ಅವರ ಹಟ ಮೊದಲು ಕಾಣಿಸಿಕೊಂಡದ್ದು 1939ರಲ್ಲಿ. ಕಾಸ್ಮಿಕ್ ಕಿರಣಗಳಲ್ಲಿ ಪತ್ತೆಯಾಗಿದ್ದ ಹೊಸ ಕಣವೊಂದರ ತೂಕ ಎಲೆಕ್ಟ್ರಾನ್ ಹಾಗೂ ಪ್ರೋಟಾನ್‌ಗಳ ನಡುವೆ ಇತ್ತು. ಮಧ್ಯ ಎಂಬರ್ಥದ ಗ್ರೀಕ್ ಮೂಲದಿಂದ ಅದನ್ನು ಮೆಸೊಟ್ರಾನ್ ಎಂದು ಕರೆಯಲಾಗುತ್ತಿತ್ತು. ಇದರಲ್ಲಿ ಟಕಾರ ರಕಾರಗಳಿರಬೇಕೆಂದು ಪಟ್ಟು ಹಿಡಿದವರಲ್ಲಿ ಅಮೆರಿಕದ ಹಿರಿಯ ವಿಜ್ಞಾನಿ ರಾಬರ್ಟ್ ಮಿಲಿಕನ್ ಪ್ರಮುಖರು. ಭಾಭಾ ಇದನ್ನು ಒಪ್ಪಲಿಲ್ಲ. ಎಲೆಕ್ಟ್ರಾನ್, ನ್ಯೂಟ್ರಾನ್ ಪದಗಳಲ್ಲಿ ಆ ಅಕ್ಷರಗಳು ಮೂಲಧಾತುವಿಗೆ ಸೇರಿದವು, ಮೆಸೊ ಎಂಬ ಧಾತುವಿನಲ್ಲಿ ಅವಿಲ್ಲ, ಆದ್ದರಿಂದ ಮೆಸಾನ್ ಎಂಬುದೇ ಚಿಕ್ಕದೂ ಸರಿಯಾದದ್ದೂ ಆದ ಹೆಸರು ಎಂದು ಅವರು ನೇಚರ್ ಪತ್ರಿಕೆಯಲ್ಲಿ ವಾದಿಸಿದರು. ಮೂವತ್ತರ ಹರೆಯವನ್ನೂ ಮುಟ್ಟದ ಭಾರತೀಯನ ವ್ಯಾಕರಣ ಗೆದ್ದಿತು. ವಿಚಿತ್ರವೆಂದರೆ, ಯಾವ ಕಣಕ್ಕಾಗಿ ಈ ಚರ್ಚೆ ನಡೆಯಿತೋ ಅದು ಮೆಸಾನ್ ಕುಲಕ್ಕೆ ಸೇರಿದ್ದೇ ಅಲ್ಲವೆಂದು ಮುಂದೆ ತಿಳಿಯಿತು. ಅದು ಈಗ ಮ್ಯೂಆನ್. ಹೆಸರು 1947ರಲ್ಲಿ ಕಂಡ ಪೈ ಮೆಸಾನ್‌ಗೂ ಅದರ ಬಳಗಕ್ಕೂ ಉಳಿಯಿತು.

ಅದೇ 1939ರಲ್ಲಿ ರಜೆಗೆಂದು ಭಾರತಕ್ಕೆ ಬಂದಿದ್ದ ಭಾಭಾ, ಯುದ್ಧ ಆರಂಭವಾದ್ದರಿಂದ ಇಲ್ಲೇ ನಿಲ್ಲಬೇಕಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅವರಿಗೆ ರೀಡರ್ ಹುದ್ದೆ ನೀಡಿತು. ಭೌತಶಾಸ್ತ್ರ ವಿಭಾಗದಲ್ಲಿ ಸಿ.ವಿ. ರಾಮನ್ ಇದ್ದರು, ತರುಣ ವಿಕ್ರಮ್ ಸಾರಾಭಾಯಿ ಸಂಶೋಧನೆಗೆ ಬಂದಿದ್ದರು. ಟಾಟಾ ದತ್ತಿಯ ನೆರವಿನಿಂದ ಕಾಸ್ಮಿಕ್ ಕಿರಣ ಘಟಕವೊಂದು ಭಾಭಾ ನೇತೃತ್ವದಲ್ಲಿ ಆರಂಭವಾಯಿತು. ಮೆಸೊಟ್ರಾನ್ ಪಕ್ಷದ ಮಿಲಿಕನ್ ಅವರ ತಂಡವೂ ಆ ದಿನಗಳಲ್ಲಿ ಬೆಂಗಳೂರಿಗೆ ಬಂದು ಬಲೂನುಗಳನ್ನು ಹಾರಿಸಿತು. 1941ರಲ್ಲಿ ಭಾಭಾ ರಾಯಲ್ ಸೊಸೈಟಿಯ ಫೆಲೊ ಆದರು. ಯುದ್ಧ ಮುಗಿದರೆ ಕೇಂಬ್ರಿಜ್‌ಗೆ ಮರಳುವ ಯೋಚನೆಯಿದ್ದವರು ಇಲ್ಲಿಯೇ ಉಳಿಯುವ ನಿರ್ಧಾರಕ್ಕೆ ಬಂದದ್ದು ಬೆಂಗಳೂರಿನ ಈ ವರ್ಷಗಳಲ್ಲಿ.

1944ರ ಮಾರ್ಚ್‌ನಲ್ಲಿ ಟಾಟಾ ದತ್ತಿಗೆ ಬರೆದ ಪತ್ರದಲ್ಲಿ ಮೂಲಭೂತ ಸಂಶೋಧನೆಗೆ ಪ್ರತ್ಯೇಕ ಸಂಸ್ಥೆಯೊಂದು ಬೇಕೆಂದು ಅವರು ಕೋರಿದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಅಂದರೆ ಟಿಐಎಫ್ಆರ್, 1945ರ ಜೂನ್ 1ರಂದು ಕೆಲಸ ಆರಂಭಿಸಿದ್ದು ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಆವರಣದಲ್ಲಿಯೇ. ಅದೇ ವರ್ಷದ ಕೊನೆಗೆ ಅದು ಮುಂಬಯಿಗೆ ಸ್ಥಳಾಂತರಗೊಂಡಿತು. 1948ರಲ್ಲಿ ಅಣುಶಕ್ತಿ ಆಯೋಗ, 1954ರಲ್ಲಿ ಅಣುಶಕ್ತಿ ಇಲಾಖೆ ರಚನೆಯಾದವು. ಎರಡರ ಹೊಣೆಯೂ ಭಾಭಾ ಅವರದೇ.

ಟ್ರಾಂಬೆಯ ರಿಯಾಕ್ಟರುಗಳ ಹೆಸರುಗಳನ್ನು ಒಮ್ಮೆ ಗಮನಿಸಬೇಕು. 1956ರಲ್ಲಿ ಚಾಲನೆಗೊಂಡ ಮೊದಲನೆಯದು ಅಪ್ಸರಾ. ನೀರಿನಾಳದ ನೀಲಿ ಬೆಳಕಿಗೆ ಒಪ್ಪುವ ಆ ಹೆಸರನ್ನು ಕೊಟ್ಟವರು ಪ್ರಧಾನಿ ಜವಾಹರಲಾಲ್ ನೆಹರೂ. ಎರಡನೆಯದು ಕೆನಡಾ ಮತ್ತು ಭಾರತದ ಹೆಸರುಗಳನ್ನು ಜೋಡಿಸಿದ ಸೈರಸ್. ಮೂರನೆಯದು ಜೆರ್ಲಿನಾ. ಅದು ತಾಂತ್ರಿಕ ಪದಗಳ ಮೊದಲಕ್ಷರಗಳ ಜೋಡಣೆ, ನಿಜ. ಆದರೆ ಮೊಜಾರ್ಟ್‌ನ ಡಾನ್ ಜಿಯೊವಾನಿ ಸಂಗೀತ ನಾಟಕದ ಹಳ್ಳಿ ಹುಡುಗಿಯ ಹೆಸರೂ ಜೆರ್ಲಿನಾ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಮುಳುಗಿ ಏಳುತ್ತಿದ್ದ, ಚಿತ್ರ ಬರೆಯುತ್ತಿದ್ದ ವ್ಯಕ್ತಿಯ ಸಂಸ್ಥೆಯಲ್ಲಿ ಇದನ್ನು ಕಾಕತಾಳೀಯವೆನ್ನುವುದು ಕಷ್ಟ.

ಗಣಕಯಂತ್ರದ ಕಥೆಯೂ ಇದೇ ಅವಧಿಯದು. ವಿದೇಶದಿಂದ ಯಂತ್ರ ತರಿಸುವುದರ ಜೊತೆಗೆ, ಇಲ್ಲಿಯೇ ಒಂದನ್ನು ಕಟ್ಟಿ ಕಲಿಯಬೇಕೆಂಬ ಪ್ರಯತ್ನಕ್ಕೆ ಭಾಭಾ ಬೆಂಬಲವಿತ್ತರು. ಆರ್. ನರಸಿಂಹನ್ ಮುಂದಾಳತ್ವದ ತಂಡ 1950ರ ದಶಕದ ನಡುವೆ ಪ್ರಾಯೋಗಿಕ ಯಂತ್ರವೊಂದನ್ನು ಸಿದ್ಧಪಡಿಸಿತು. ಪೂರ್ಣ ಯಂತ್ರ 1960ರಲ್ಲಿ ಕಾರ್ಯಾರಂಭ ಮಾಡಿತು. ಅದರಲ್ಲಿ ಸುಮಾರು 2,700 ವಾಲ್ವ್‌ಗಳು, 2,048 ಪದಗಳ ಸ್ಮೃತಿಕೋಶ ಇದ್ದವು. ಆ ಕಾಲದಲ್ಲಿ ಇಂಥ ಯಂತ್ರಗಳ ಹೆಸರುಗಳಿಗೆ ಒಂದು ಅಚ್ಚು ಸಿದ್ಧವಾಗಿತ್ತು: ಎನಿಯಾಕ್, ಎಡ್ಸಾಕ್, ಯುನಿವಾಕ್, ಇಲಿಯಾಕ್. ಅಮೆರಿಕದಲ್ಲಿ ಒಬ್ಬರು ಈ ಗೀಳನ್ನು ಅಣಕಿಸಲೆಂದೇ ತಮ್ಮ ಯಂತ್ರಕ್ಕೆ ಮೇನಿಯಾಕ್ ಎಂದು ಹೆಸರಿಟ್ಟರೆಂಬ ಕಥೆಯಿದೆ. ಗೀಳು ಮತ್ತಷ್ಟು ಹರಡಿತು. ಮುಂಬಯಿಯ ಯಂತ್ರವೂ ಅದೇ ಸಾಲಿಗೆ ಸೇರಿ ಟಿಫ್ರಾಕ್ ಆಯಿತು. ಸಂಸ್ಥೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಗೆ ಸ್ವಯಂಚಾಲಿತ ಗಣಕ ಎಂಬರ್ಥದ ಬಾಲ. ವಿಧಿವತ್ತಾಗಿ ನಾಮಕರಣ ಮಾಡಿದವರು ಇಲ್ಲಿಯೂ ನೆಹರೂ. ಯಂತ್ರ ಹೆಚ್ಚು ಕಾಲ ಬಾಳಲಿಲ್ಲ. ಅದು ಪೂರ್ಣಗೊಳ್ಳುವಷ್ಟರಲ್ಲಿ ಜಗತ್ತು ಟ್ರಾನ್ಸಿಸ್ಟರ್‌ಗೆ ದಾಟಿತ್ತು. 1965ರ ಹೊತ್ತಿಗೆ ಅದು ನಿವೃತ್ತವಾಯಿತು.

ಪ್ರಯೋಗಾಲಯದಲ್ಲಿ ಒಂದೇ ಒಂದು ಯಂತ್ರವನ್ನು ಕಟ್ಟುವುದು ಬೇರೆ, ಸರಣಿಯಾಗಿ ತಯಾರಿಸುವುದು ಬೇರೆ. 1962ರ ಚೀನಾ ಯುದ್ಧದ ಪಾಠದ ನಂತರ, 1963ರಲ್ಲಿ ಕೇಂದ್ರ ಸರ್ಕಾರ ಭಾಭಾ ಅಧ್ಯಕ್ಷತೆಯಲ್ಲಿ ಎಲೆಕ್ಟ್ರಾನಿಕ್ಸ್ ಸಮಿತಿಯನ್ನು ನೇಮಿಸಿತು. ಬೆಂಗಳೂರಿನ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಎಸ್. ಭಗವಂತಂ, ಸಾರಾಭಾಯಿ, ಎ.ಎಸ್. ರಾವ್ ಸದಸ್ಯರು. ಗಣಕಯಂತ್ರವೂ ಸೇರಿದಂತೆ ಎಲೆಕ್ಟ್ರಾನಿಕ್ಸ್‌ನಲ್ಲಿ ದೇಶ ಸ್ವಾವಲಂಬಿಯಾಗಬೇಕೆಂಬುದು ಅದರ ವರದಿಯ ತಿರುಳು. ವರದಿ ಹೊರಬಂದದ್ದು 1966ರಲ್ಲಿ. ಅದಕ್ಕೆ ಮೊದಲೇ, ಜನವರಿ 24ರಂದು, ವಿಯೆನ್ನಾಗೆ ಹೊರಟಿದ್ದ ಭಾಭಾ ಮಾಂಟ್ ಬ್ಲಾಂಕ್ ಶಿಖರದ ಬಳಿ ನಡೆದ ವಿಮಾನ ಅಪಘಾತದಲ್ಲಿ ಅಸುನೀಗಿದರು. ವಿಮಾನದಲ್ಲಿದ್ದ 117 ಮಂದಿಯಲ್ಲಿ ಯಾರೂ ಉಳಿಯಲಿಲ್ಲ. ಆಲ್ಪ್ಸ್ ಪರ್ವತಕ್ಕೆ ಅಪ್ಪಳಿಸಿದ ಆ ಏರ್ ಇಂಡಿಯಾ ವಿಮಾನದ ಹೆಸರು ಕಾಂಚನಜುಂಗಾ. ಭಾಭಾ ಅವರಿಗೆ ಆಗ 56 ವರ್ಷ.

ಮರುವರ್ಷ ಟ್ರಾಂಬೆಯ ಕೇಂದ್ರಕ್ಕೆ ಅವರ ಹೆಸರನ್ನಿಡಲಾಯಿತು. ಅದೇ 1967ರಲ್ಲಿ ಹೈದರಾಬಾದಿನಲ್ಲಿ ಇಸಿಐಎಲ್ ಸ್ಥಾಪನೆಯಾಯಿತು. 1969ರಲ್ಲಿ ಸ್ವದೇಶಿ ಸರಣಿಯ ಮೊದಲ ಯಂತ್ರ ಬಂದಿತು. ಅದಕ್ಕೆ ಭಾಭಾ ಹೆಸರನ್ನಿಡುವುದು ಆ ಹೊತ್ತಿಗೆ ಅತ್ಯಂತ ಸುಲಭವಾಗಿತ್ತು. ಅಪ್ಸರಾದಂಥ ಸಂಸ್ಕೃತ ಪದವೂ ಸಿಗದೇ ಇರುತ್ತಿರಲಿಲ್ಲ. ಬಂದದ್ದು ಟಿಡಿಸಿ 12: ಟ್ರಾಂಬೆ ಡಿಜಿಟಲ್ ಕಂಪ್ಯೂಟರ್, 12 ಬಿಟ್‌ಗಳ ಪದದ ಯಂತ್ರ. ಹುಟ್ಟಿದ ಊರು, ಮಾಡುವ ಕೆಲಸ, ಪದದ ಉದ್ದ, ಇಷ್ಟೇ. ಕಿವಿಗೆ ಇಂಪಾದ ಹೆಸರಲ್ಲ. ಆದರೆ ಮೆಸೊಟ್ರಾನ್‌ನ ಎರಡು ಅಕ್ಷರಗಳಿಗೆ ಲೆಕ್ಕ ಕೇಳಿದ್ದವರು ಇದರಲ್ಲಿ ಅನಗತ್ಯವಾದ ಒಂದಕ್ಷರವನ್ನೂ ಹುಡುಕಲಾರರು.

ಅದೇ ಕಾಲದ ಅಮೆರಿಕದ ಉದಾಹರಣೆಯೊಂದನ್ನು ಪಕ್ಕದಲ್ಲಿಟ್ಟು ನೋಡಬಹುದು. ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿ ತನ್ನ ಸರಣಿಗೆ ಪಿಡಿಪಿ, ಅಂದರೆ ಪ್ರೋಗ್ರಾಮ್ಡ್ ಡೇಟಾ ಪ್ರೊಸೆಸರ್ ಎಂದು ಹೆಸರಿಟ್ಟಿತ್ತು. ಕಂಪ್ಯೂಟರ್ ಉದ್ಯಮವೆಂದರೆ ನಷ್ಟವೆಂದು ಅಂಜುತ್ತಿದ್ದ ಬಂಡವಾಳದಾರರಿಗಾಗಿ ಆ ಪದವನ್ನೇ ಮರೆಮಾಚಲಾಗಿತ್ತು. ಸರ್ಕಾರದ ಹಣದಲ್ಲಿ ನಡೆಯುತ್ತಿದ್ದ ಟ್ರಾಂಬೆಗೆ ಆ ಅಂಜಿಕೆಯಿರಲಿಲ್ಲ.

1970ರ ದಶಕದಲ್ಲಿ ಟಿಡಿಸಿ 312, ಟಿಡಿಸಿ 316 ಬಂದವು. ಆಮೇಲೆ ಟಿಡಿಸಿ 332. ಕೊನೆಯ ಎರಡು ಅಂಕಿಗಳು ಪದದ ಉದ್ದವನ್ನೇ ಹೇಳುತ್ತಿದ್ದವು. ಯಂತ್ರಗಳು ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಾದರೂ ಹೆಸರಿನಲ್ಲಿ ಟ್ರಾಂಬೆ ಹಾಗೆಯೇ ಉಳಿಯಿತು. 1978ರಲ್ಲಿ ಐಬಿಎಂ ಭಾರತದ ವಹಿವಾಟು ನಿಲ್ಲಿಸಿ ಹೊರಟಾಗ ದೇಶದೊಳಗೆ ವಿನ್ಯಾಸಗೊಂಡ ಗಣಕಯಂತ್ರಗಳೆಂದು ತೋರಿಸಲು ಈ ಸರಣಿಯಾದರೂ ಇತ್ತು.

ನಂತರ ಹೆಸರುಗಳ ಧಾಟಿ ಬದಲಾಯಿತು. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ 1986ರಲ್ಲಿ ಕಟ್ಟಿದ ಸಮಾಂತರ ಗಣಕಕ್ಕೆ ಫ್ಲೋಸಾಲ್ವರ್ ಎಂದು, ಅದು ಬಿಡಿಸುವ ದ್ರವ ಹರಿವಿನ ಲೆಕ್ಕಗಳ ಮೇಲೆಯೇ ಹೆಸರಿಟ್ಟಿತು. ಪುಣೆಯ ಸಿ-ಡ್ಯಾಕ್ 1991ರಲ್ಲಿ ಪರಮ್ ಎಂಬ ಸಂಸ್ಕೃತ ಪದವನ್ನು ಆರಿಸಿಕೊಂಡಿತು. ಆ ಸರಣಿಯ ಪರಮ್ ಪ್ರವೇಗ 2022ರಲ್ಲಿ, 3.3 ಪೆಟಾಫ್ಲಾಪ್ ಸಾಮರ್ಥ್ಯದೊಂದಿಗೆ, ಭಾಭಾ ಆರು ವರ್ಷ ಕೆಲಸ ಮಾಡಿದ ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಕಾರ್ಯಾರಂಭ ಮಾಡಿತು.